ಸಂಸೆ ರಸ್ತೆಯ ಚೆಕ್‌ಪೋಸ್ಟಿನಲ್ಲಿ ಒಂದು ಕೇಪಿನ ಕೋವಿ

ಆ ವರ್ಷ ಗದ್ದೆಗಳಲ್ಲಿ ತೆನೆ ಬಾಗುವ ಹೊತ್ತಿಗೆ ಸರಿಯಾಗಿ ಪಂಚಾಯಿತಿ ಚುನಾವಣೆ ಬಂತು. ಚುನಾವಣೆ ಬಂದರೆ ನಮ್ಮ ಕಡೆ ಭಾಷಣಕ್ಕಿಂತ ಮೊದಲು ಶುರುವಾಗುವುದು ಕೋವಿಗಳ ಮೆರವಣಿಗೆ. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಕೋವಿಗಳೆಲ್ಲ ಫಲಿತಾಂಶ ಬರುವವರೆಗೆ ಪೊಲೀಸ್ ಸ್ಟೇಷನ್ನಿನಲ್ಲಿರಬೇಕು ಎಂಬುದು ಆದೇಶ. ಎಸ್ಟೇಟಿನ ಧಣಿಗಳು ತಮ್ಮ ಜೀಪಿನಲ್ಲಿ, ಸಣ್ಣ ಹಿಡುವಳಿದಾರರು ಬಾಡಿಗೆ ಜೀಪಿನಲ್ಲಿ, ಗೋಣಿಚೀಲದಲ್ಲಿ ಸುತ್ತಿದ ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಾರೆ. ಒಳ್ಳೆಯ ಕಾಲದಲ್ಲಾದರೆ ಅದು ಅರ್ಧ ಹಬ್ಬ. ಕೋವಿ ಕೊಟ್ಟು ರಸೀದಿ ಪಡೆದು, ಹೋಟೆಲಿನಲ್ಲಿ ಕಾಫಿ ಕುಡಿದು, ಹಂದಿಗಳನ್ನು ಬೈಯುತ್ತ ಮನೆಗೆ ಹೋಗುವುದು.

ಆದರೆ ಅದು ಒಳ್ಳೆಯ ಕಾಲವಾಗಿರಲಿಲ್ಲ. ಕುದುರೆಮುಖದ ಕಾಡಿನ ಕಡೆ ನಕ್ಸಲರು ಓಡಾಡುತ್ತಿದ್ದಾರೆ ಎಂಬ ಸುದ್ದಿ ಇತ್ತು. ರಸ್ತೆಗೆ ಬಿದಿರಿನ ಗೇಟು ಬಿತ್ತು, ಮರಳು ತುಂಬಿದ ಡಾಂಬರು ಡ್ರಮ್ಮುಗಳು ಬಂದವು, ಎಲ್ಲ ವಾಹನ ನಿಲ್ಲಿಸಿ ತಪಾಸಣೆ ಮಾಡಬೇಕೆಂದು ಮೇಲಿನಿಂದ ಹುಕುಂ ಬಂತು. ಸಂಸೆ ಕಡೆಯ ರಸ್ತೆಯ ಚೆಕ್‌ಪೋಸ್ಟಿಗೆ ನಾನು ಮುಖ್ಯಸ್ಥ. ಎ.ಎಸ್.ಐ. ಎಂದರೆ ದೊಡ್ಡ ಹುದ್ದೆಯೇನಲ್ಲ, ಆದರೆ ಬಿದಿರು ಗೇಟಿನ ಮಟ್ಟಿಗೆ ನಾನೇ ದೊರೆ. ಜೊತೆಗೆ, ರಸ್ತೆಯಲ್ಲಿ ಆಯುಧ ಇರುವ ವಾಹನವನ್ನು ಹೇಗೆ ತಡೆಯಬೇಕು ಎಂಬ ತರಬೇತಿಗೆ ನನ್ನನ್ನು ಆಗಷ್ಟೇ ಕಳಿಸಿದ್ದರು. ಜಿಲ್ಲೆಯಲ್ಲಿ ಅದಕ್ಕೆ ಹೋಗಿಬಂದವರು ನನ್ನ ಹಾಗೆ ಕೆಲವರೇ. ತಲೆ ಸ್ವಲ್ಪ ತಿರುಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ನನ್ನ ಕೈಕೆಳಗೆ ಬಂದವರು ಮೀಸಲು ಪಡೆಯ ಕಾನ್‌ಸ್ಟೇಬಲ್‌ಗಳು. ಎಲ್ಲರೂ ಬಯಲುಸೀಮೆಯವರು. ಕಾಡು ಕಂಡರೆ ಅಂಜುವವರು, ಜಿಗಣೆ ಕಂಡರೆ ಇನ್ನೂ ಹೆಚ್ಚು ಅಂಜುವವರು. ಅವರಲ್ಲಿ ಬಿಜಾಪುರ ಕಡೆಯವನೊಬ್ಬನಿದ್ದ. ಮದುವೆಯಾಗಿ ವರ್ಷವಾಗಿರಲಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ಅಂಥವನು ಸಿಕ್ಕಿದ್ದಕ್ಕೆ ನನಗೆ ಖುಷಿಯೇ ಆಗಿತ್ತು.

ಅವರಿಗೆ ನಾನೇ ಕಲಿಸಿದೆ. ನನ್ನ ಸ್ಕೂಟರನ್ನೇ ಜೀಪು ಎಂದುಕೊಂಡು, ಕೊಡೆಯನ್ನೇ ಕೋವಿ ಎಂದುಕೊಂಡು ಮತ್ತೆ ಮತ್ತೆ ಆಡಿಸಿದೆ. ವಾಹನ ಡ್ರಮ್ಮುಗಳ ನಡುವೆ ನಿಲ್ಲಬೇಕು. ಎಂಜಿನ್ ಆರಿಸಿ ಕೀಲಿಯನ್ನು ಬಾನೆಟ್ಟಿನ ಮೇಲಿಡಬೇಕು. ಡ್ರೈವರ್ ಮೊದಲು ಇಳಿಯಬೇಕು. ಆಮೇಲೆ ಒಂದೇ ಪ್ರಶ್ನೆ, ಕೋವಿ ಉಂಟಾ? ಉಂಟು ಅಂದವರು ಅದನ್ನು ಮುಟ್ಟಬಾರದು, ಎಲ್ಲಿದೆ ಎಂದು ಬಾಯಲ್ಲಿ ಹೇಳಬೇಕು. ನಮ್ಮವನೊಬ್ಬ ಅದನ್ನು ತೆಗೆಯುತ್ತಾನೆ, ಇನ್ನೊಬ್ಬ ರೈಫಲ್ ಹಿಡಿದು ಓರೆಯಾಗಿ ಹಿಂದೆ ನಿಂತಿರುತ್ತಾನೆ, ನಾನು ಲೈಸೆನ್ಸ್ ಪುಸ್ತಕದ ನಂಬರನ್ನು ನಳಿಗೆಯ ಮೇಲಿನ ನಂಬರಿಗೆ ತಾಳೆ ನೋಡುತ್ತೇನೆ. "ಕೈ ಕೋವಿ ಮೇಲೆ ಹೋಯ್ತು ಅಂದ್ರೆ ಮಾತಾಡ್ಬೇಡಿ, ಯೋಚನೆ ಮಾಡ್ಬೇಡಿ. ಮೊದಲು ಹೊಡೆದು ಕೆಡವಿ, ಆಮೇಲೆ ಕೇಳಿ" ಎಂದು ಹೇಳಿದ್ದು ನಾನೇ. ಬಿಜಾಪುರದವನು "ಹೂಂ ರೀ ಸರ" ಎಂದು ಅದನ್ನು ಬಾಯಿಪಾಠ ಮಾಡಿದ.

ತೋಟೆ ಹಾಕುವ ಕೋವಿಯನ್ನು ಮಡಚಿ, ನಳಿಗೆ ಖಾಲಿ ಇದೆಯೇ ಎಂದು ನೋಡುವುದನ್ನೂ ತೋರಿಸಿಕೊಟ್ಟೆ. ಕೇಪಿನ ಕೋವಿಯ ಬಗ್ಗೆ ಏನೂ ಹೇಳಲಿಲ್ಲ. ನಳಿಗೆಯ ಬಾಯಿಂದ ಮದ್ದು, ಚರೆ, ನಾರು ಹಾಕಿ, ಕಬ್ಬಿಣದ ಗಜದಿಂದ ಗಿಡಿದು ತುಂಬುವ ನಾಡಕೋವಿ ಅದು. ಮಡಚಿ ನೋಡಲು ಬರುವುದಿಲ್ಲ. ಅದು ಖಾಲಿ ಇದೆಯೆಂದು ತೋರಿಸುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಕೋವಿ ಹಿಡಿದು ಯಾರ ಮನೆಗೆ ಹೋದರೂ ಅಂಗಳದ ತುದಿಯಲ್ಲಿ ನಿಂತು, ನಳಿಗೆಯ ಕೆಳಗಿನ ಗಜವನ್ನು ಎಳೆದು, ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ಗಜವನ್ನು ಒಳಗೆ ಬಿಡುತ್ತಾರೆ. ಖಾಲಿ ಇದ್ದರೆ ಠಣ್ ಎನ್ನುತ್ತದೆ. ಈಡು ತುಂಬಿದ್ದರೆ ದಪ್ ಎಂದು ಸುಮ್ಮನಾಗುತ್ತದೆ. ಠಣ್ ಎಂದಿತೆಂದರೆ ಒಳಗಿನಿಂದ ಬೆಲ್ಲ ನೀರು ಬರುತ್ತದೆ. ಬಣಕಲ್ಲಿನ ನಮ್ಮ ಮನೆಯ ಅಂಗಳದಲ್ಲಿ ಈ ಸದ್ದು ಕೇಳಿಯೇ ನಾನು ಬೆಳೆದದ್ದು. ಚಪ್ಪಲಿ ಕಳಚಿ ಒಳಗೆ ಹೋಗಬೇಕೆಂದು ಯಾರಿಗಾದರೂ ಹೇಳಿಕೊಡುತ್ತೇವೆಯೇ? ಇದೂ ಹಾಗೇ ಅಂದುಕೊಂಡಿದ್ದೆ. ಅಂದುಕೊಳ್ಳುವುದೇನು, ಅದು ನನ್ನ ತಲೆಗೇ ಬರಲಿಲ್ಲ.

ಮೊದಲ ದಿನಗಳು ಸಲೀಸಾಗಿ ಹೋದವು. ಒಬ್ಬ ಎಸ್ಟೇಟ್ ಧಣಿಯನ್ನು ನಿಲ್ಲಿಸಿದಾಗ ಮಾತ್ರ ಸ್ವಲ್ಪ ಗಲಾಟೆಯಾಯಿತು. ಜೀಪಿನ ಸೀಟಿನ ಮೇಲೆ ಜೋಡಿ ನಳಿಗೆಯ ಕೋವಿ ಇತ್ತು. "ಎಂತ ಮಾರಾಯ, ನಿನ್ನ ಅಪ್ಪ ನಮ್ಮ ತೋಟದಲ್ಲೇ ರೈಟರ್ ಆಗಿದ್ದವ್ರು. ಈಗ ನೀನು ನನ್ನ ಕೈ ಮೇಲೆ ಎತ್ತಿಸ್ತೀಯ?" ಎಂದು ಅವರು ಕೆಂಪಾದರು. ನಾನು ಬಹಳ ವಿನಯದಿಂದ "ಎಲ್ಲರಿಗೂ ಒಂದೇ ರೂಲ್ಸ್ ಸಾರ್" ಎಂದೆ. ಹೇಳುವಾಗ ಒಳಗೊಳಗೆ ಹಾಲು ಕುಡಿದಷ್ಟು ಸಂತೋಷ. ಸಂಜೆಯೊಳಗೆ ನಮ್ಮ ಸರ್ಕಲ್ ಇನ್‌ಸ್ಪೆಕ್ಟರಿಂದ ಫೋನ್ ಬಂತು. "ಎಸ್ಟೇಟ್ ಜೀಪುಗಳನ್ನ ನೋಡ್ಕೊಂಡು ಬಿಡ್ರೀ. ಅವರು ಯಾರು ಅಂತ ನಮಗೆ ಗೊತ್ತಿಲ್ವಾ? ಬಾಡಿಗೆ ಜೀಪುಗಳನ್ನ ಸರಿಯಾಗಿ ಚೆಕ್ ಮಾಡಿ ಸಾಕು."

ನಾನು "ಆಯ್ತು ಸಾರ್" ಅಂದೆ. ಎಲ್ಲರಿಗೂ ಒಂದೇ ರೂಲ್ಸ್ ಎಂದಿದ್ದ ಬಾಯಿಯೇ ಅದು. ಮಾರನೆಯ ದಿನದಿಂದ ಎಸ್ಟೇಟ್ ಜೀಪುಗಳಿಗೆ ಗೇಟು ತಾನಾಗಿ ಮೇಲೇಳತೊಡಗಿತು, ಬಾಡಿಗೆ ಜೀಪಿನವರು ಬಿಸಿಲಲ್ಲಿ ಸಾಲುಗಟ್ಟಿ ನಿಂತರು. ಧಣಿಗಳ ಮೇಲೆ ತೋರಿಸಲಾಗದ ಬಿಗಿಯನ್ನೆಲ್ಲ ನಾವು ಅವರ ಮೇಲೆ ತೋರಿಸಿದೆವು.

ಆ ದಿನ ಬೆಳಿಗ್ಗೆ ಬಂದದ್ದು ಸಂಸೆಯ ಬಾಡಿಗೆ ಜೀಪು. ಜನ ಒಬ್ಬರ ಮೇಲೊಬ್ಬರು ಕೂತಿದ್ದರು. ಡ್ರೈವರ್ ಕಾಕಾ ಈ ರಸ್ತೆಗೆ ಹಳಬ. ಕೇಳುವ ಮೊದಲೇ ಎಂಜಿನ್ ಆರಿಸಿ, ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, "ಹಿಂದೆ ಒಂದು ಕೇಪಿನ ಕೋವಿ ಉಂಟು ಸಾರ್, ಗೌಡ್ರದ್ದು" ಎಂದ. ನಾನು ಬಾನೆಟ್ಟಿನ ಹತ್ತಿರ ಅವನ ಕಾಗದಪತ್ರ ನೋಡುತ್ತಿದ್ದೆ. ಬಿಜಾಪುರದವನು ಹಿಂಬದಿಯಲ್ಲಿ ರೈಫಲ್ ಹಿಡಿದು, ನಾನು ಕಲಿಸಿದಷ್ಟೇ ಓರೆಯಾಗಿ ನಿಂತಿದ್ದ.

ಹಿಂದಿನಿಂದ ಇಳಿದವರು ನನಗೆ ಚೆನ್ನಾಗಿ ಗೊತ್ತಿದ್ದ ಗೌಡರು. ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ, ಒಂದಿಷ್ಟು ಅಡಿಕೆ ಇರುವ ಸಣ್ಣ ರೈತರು. ಆ ಭಾಗದ ಬೀಟಿನಲ್ಲಿದ್ದಾಗ ಅವರ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ. ಅವರ ಗದ್ದೆ ಕಾಡಿನ ಅಂಚಿನಲ್ಲೇ ಇದೆ. ಕೋವಿ ಇಲ್ಲದಿದ್ದರೆ ಹಂದಿ ತಿಂದು ಮಿಕ್ಕಿದ್ದನ್ನು ಕೊಯ್ಯಬೇಕು, ಅಷ್ಟೆ. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು.

"ಹೋ, ನೀನಾ ಮಾರಾಯ! ಯಾರೋ ಎಂತದೋ ಅಂತ ಹೆದರಿ ಬಂದಿದ್ದೆ" ಎನ್ನುತ್ತ ಗೋಣಿಯನ್ನು ಬಿಚ್ಚಿ ಕೋವಿಯನ್ನು ರಸ್ತೆಯ ಮೇಲೆ ನೆಟ್ಟಗೆ ನಿಲ್ಲಿಸಿದರು. ಬಲಗೈ ನಳಿಗೆಯ ಕೆಳಗೆ ಹೋಯಿತು. ಗಜವನ್ನು ಎಳೆದರು.

ಅವರು ಏನು ಮಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ಆ ಇಡೀ ರಸ್ತೆಯಲ್ಲಿ ಅದು ಗೊತ್ತಿಲ್ಲದವರು ನನ್ನ ಕಾನ್‌ಸ್ಟೇಬಲ್‌ಗಳು ಮಾತ್ರ. ಗಜ ಎಳೆದು ನಳಿಗೆಗೆ ಹಾಕುವುದನ್ನು ಮೊದಲ ಬಾರಿ ಕಂಡವನಿಗೆ ಅದು ಮದ್ದು ಗಿಡಿಯುವ ಹಾಗೇ ಕಾಣುತ್ತದೆ. ಇದೂ ನನಗೆ ಆ ಕ್ಷಣದಲ್ಲೇ ಹೊಳೆಯಿತು. "ಏಯ್, ಬೇಡ" ಎನ್ನಲು ಬಾಯಿ ತೆರೆದೆ. ಯಾರಿಗೆ ಬೇಡ ಎನ್ನಬೇಕು, ಗೌಡರಿಗೋ ಹುಡುಗನಿಗೋ ಎಂದು ತಡವರಿಸಿದೆ. ಅಷ್ಟರಲ್ಲಿ ರೈಫಲ್ಲಿನ ಹಿಂಬದಿ ಗೌಡರ ಮಣಿಕಟ್ಟಿನ ಮೇಲೆ ಬಿತ್ತು. ಎಲುಬು ಮುರಿದ ಸದ್ದು ನನಗೂ ಕೇಳಿತು.

ನಾಚಿಕೆಯ ಮಾತು ಇನ್ನೂ ಮುಂದಿದೆ. ಹುಡುಗ ನಿಲ್ಲಿಸಲಿಲ್ಲ, ಏಕೆಂದರೆ ನಾನು ಕಲಿಸಿದ್ದು ಅಲ್ಲಿಗೆ ಮುಗಿದಿರಲಿಲ್ಲ. ಕೆಡವಿದ ಮೇಲೆ ಮಕಾಡೆ ಮಲಗಿಸಬೇಕು, ಬೆನ್ನ ಮೇಲೆ ಮೊಣಕಾಲು ಊರಬೇಕು, ಎರಡೂ ಕೈ ಹಿಂದಕ್ಕೆ ತರಬೇಕು. ಅವನು ಒಂದೊಂದಾಗಿ ಎಲ್ಲವನ್ನೂ ಮಾಡಿದ. ಮುರಿದ ಕೈಯನ್ನೂ ಹಿಂದಕ್ಕೆ ತಂದ. ನಾನು ಕಾಕಾನ ಕಾಗದಪತ್ರ ಹಿಡಿದುಕೊಂಡು ನೋಡುತ್ತ ನಿಂತಿದ್ದೆ. ನನ್ನ ಪಾಠವನ್ನು ನನಗೇ ಯಾರೋ ಒಪ್ಪಿಸುತ್ತಿರುವಂತೆ ಇತ್ತು. ಕೊನೆಗೆ ಜೀಪಿನೊಳಗಿಂದ ಒಬ್ಬ ಹೆಂಗಸು "ಅಯ್ಯೋ, ಖಾಲಿ ಕೋವಿ ಅಂತ ತೋರ್ಸ್ತಿದ್ರಲ್ಲಾ, ಕಣ್ಣಿಲ್ವಾ ನಿಮಗೆ!" ಎಂದು ಕೂಗಿದ ಮೇಲೆಯೇ ನನ್ನ ಬಾಯಿಂದ "ಬಿಡೋ" ಎಂಬ ಮಾತು ಬಂದದ್ದು.

ಗಜ ಉರುಳಿ ಡ್ರಮ್ಮಿನ ಬುಡ ಸೇರಿತ್ತು. ಅದನ್ನು ಎತ್ತಿಕೊಂಡು, ಕೋವಿಯನ್ನು ನಿಲ್ಲಿಸಿ, ಒಳಗೆ ಬಿಟ್ಟೆ. ಠಣ್ ಎಂದಿತು. ಬಿಜಾಪುರದವನು ಕೋವಿಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನೆಲಕ್ಕೆ ಕೂತುಬಿಟ್ಟ. ನನಗೂ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅದೇ ಜೀಪಿನಲ್ಲಿ ಗೌಡರನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯಲ್ಲಿ ಅವರು ಒಂದೇ ಮಾತು ಆಡಿದರು. "ನೀನು ಇದ್ದೀಯಲ್ಲ ಅಂತ ಗಜ ಬಿಡಕ್ಕೆ ಹೋದೆ ಮಾರಾಯ. ಬೇರೆಯವ್ರಾದ್ರೆ ಸುಮ್ನೆ ಕೊಟ್ಟು ಬಿಡ್ತಿದ್ದೆ." ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ತಮ್ಮದೇ ಏನೋ ತಪ್ಪಾಯಿತು ಎಂಬಂತೆ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಇನ್‌ಸ್ಪೆಕ್ಟರ್ ಸ್ಟೇಷನ್ನಿಗೆ ಬಂದರು. ಎಲ್ಲವನ್ನೂ ಕೇಳಿ ಬಾಗಿಲು ಹಾಕಿಸಿದರು. ಅವರು ಕೆಟ್ಟವರಲ್ಲ. ಅವರ ತಲೆಯಲ್ಲಿ ಓಡುತ್ತಿದ್ದದ್ದು ಸರಳ ಲೆಕ್ಕ. ಪೊಲೀಸಿನವನೊಬ್ಬ ಲೈಸೆನ್ಸ್ ಇರುವ ರೈತನ ಕೈ ಮುರಿದಿದ್ದಾನೆ, ಚುನಾವಣೆ ಬೇರೆ, ನಾಳೆ ರಸ್ತೆ ತಡೆ ಆಗುತ್ತದೆ.

"ನೋಡ್ರೀ, ತಪಾಸಣೆ ವೇಳೆ ಕೋವಿಗೆ ಮದ್ದು ತುಂಬೋಕೆ ಹೋದ, ಸಿಬ್ಬಂದಿ ಪ್ರಾಣರಕ್ಷಣೆಗೆ ಬಲಪ್ರಯೋಗ ಮಾಡಿದ್ರು. ಹೀಗೆ ಒಂದು ಕಂಪ್ಲೇಂಟ್ ಬರೀರಿ. ಆಯುಧ ಕಾಯ್ದೆ, ಕರ್ತವ್ಯಕ್ಕೆ ಅಡ್ಡಿ. ಆಮೇಲೆ ಕೋರ್ಟಲ್ಲಿ ಬಿದ್ದುಹೋದ್ರೆ ಬಿದ್ದುಹೋಗ್ಲಿ."

"ಅವರ ಲೈಸೆನ್ಸ್ ಹೋಗುತ್ತೆ ಸಾರ್. ಒಂದು ಸಲ ಕೇಸಾಯ್ತು ಅಂದ್ರೆ ಮತ್ತೆ ಸಿಗಲ್ಲ. ಗದ್ದೆ ಕಾಡಿನ ಅಂಚಲ್ಲಿದೆ" ಎಂದೆ.

"ಲೈಸೆನ್ಸ್ ಹೋಗುತ್ತೆ. ಇಲ್ಲ ಅಂದ್ರೆ ಆ ಹುಡುಗನ ಕೆಲಸ ಹೋಗುತ್ತೆ. ಯಾವುದು ಬೇಕು, ನೀವೇ ಹೇಳಿ."

ನಾನು ಪೆನ್ನು ತೆಗೆದುಕೊಂಡೆ. ದೂರುದಾರನಾಗಿ ನನ್ನ ಹೆಸರು, ಹುದ್ದೆ, ಚೆಕ್‌ಪೋಸ್ಟಿನ ಜಾಗ, ಜೀಪಿನ ನಂಬರ್ ಎಲ್ಲ ಬರೆದೆ. ಅಲ್ಲಿಯವರೆಗಿನದು ಸತ್ಯವೇ ಆದ್ದರಿಂದ ಕೈ ಸಲೀಸಾಗಿ ಓಡಿತು. ಮುಂದಿನ ವಾಕ್ಯಕ್ಕೆ ಬಂದಾಗ, ನೀರು ಕುಡಿದು ಬರುತ್ತೇನೆಂದು ಎದ್ದು ಹೊರಗೆ ಹೋದೆ.

ಹಿಂದಿನ ಜಗಲಿಯ ಮೇಲೆ ಬಿಜಾಪುರದವನು ಟೋಪಿ ತೆಗೆದಿಟ್ಟು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಸೆಲ್ಯೂಟ್ ಹೊಡೆಯುವುದನ್ನು ಮಾತ್ರ ಮರೆತಿದ್ದ.

"ಸರ, ಅಂವ ಮದ್ದ ತುಂಬಾಕ ಹತ್ಯಾನ ಅಂತ ತಿಳದೆ ರೀ. ನೀವು ಹೇಳಿದ್ಹಂಗ ಮಾಡೀನಿ. ಒಂದರ ಬಿಟ್ಟೇನೇನ್ರಿ?"

"ಇಲ್ಲ. ಎಲ್ಲ ಸರಿಯಾಗೇ ಮಾಡಿದೀಯ."

"ಇದೊಂದ ಯಾಕ ಹೇಳಲಿಲ್ರಿ ಸರ? ಆ ಸಳಿ ಬಿಟ್ಟರ ಸಪ್ಪಳ ಬರತೈತಿ, ಖಾಲಿ ಐತಿ ಅಂತ ತಿಳಕೋಬೇಕು ಅಂತ. ಜೀಪಿನ್ಯಾಗ ಇದ್ದ ಎಲ್ಲಾರಿಗೂ ಗೊತ್ತಿತ್ತಲ್ರಿ. ನಮ್ಮಪ್ಪನ ವಯಸ್ಸಿನಾಂವ ರೀ ಅಂವ."

ಅವನು ತಕರಾರು ಮಾಡುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ಎಲ್ಲರಿಗೂ ಗೊತ್ತಿರುವುದನ್ನು ಏನು ಹೇಳುವುದು ಅಂದುಕೊಂಡೆ ಎಂದರೆ, ಆ ಎಲ್ಲರಲ್ಲಿ ನೀನು ಇರಲಿಲ್ಲ ಎಂದ ಹಾಗೆ. ಅವನಿಗೆ ಅನ್ನ ಹಾಕಿ, ಜೊತೆಗೆ ಮಲಗಿಸಿಕೊಂಡು, ರೈಫಲ್ ಕೊಟ್ಟು ರಸ್ತೆಗೆ ನಿಲ್ಲಿಸಿದ್ದೆ. ಊರನ್ನು ಮಾತ್ರ ಅವನಿಗೆ ಹೇಳಿರಲಿಲ್ಲ.

ಒಳಗೆ ಹೋಗಿ ಬರೆದಿದ್ದ ಹಾಳೆಯನ್ನು ಹರಿದೆ. ಇನ್ನೊಂದು ತೆಗೆದುಕೊಂಡು ವರದಿ ಬರೆದೆ. ಲೈಸೆನ್ಸುದಾರರು ಕೋವಿ ಖಾಲಿ ಇದೆಯೆಂದು ಈ ಭಾಗದ ರೂಢಿಯಂತೆ ತೋರಿಸುತ್ತಿದ್ದರು, ಅದು ನನಗೆ ತಿಳಿದಿತ್ತು, ಸಿಬ್ಬಂದಿಗೆ ತಿಳಿಸಿರಲಿಲ್ಲ, ಕೋವಿಯನ್ನು ಮುಟ್ಟಿದರೆ ಹೊಡೆಯಬೇಕೆಂಬ ಸೂಚನೆ ನನ್ನದು, ಸಿಬ್ಬಂದಿ ಆ ಸೂಚನೆಯನ್ನು ಪಾಲಿಸಿದ್ದಾನೆ. ಮುಗಿಯಿತು. ಇಷ್ಟು ಬರೆಯಲು ಧೈರ್ಯ ಬೇಕಾಯಿತು ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಹುಡುಗನ ಮುಖವನ್ನು ಇನ್ನೊಮ್ಮೆ ನೋಡಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೆ.

ಇನ್‌ಸ್ಪೆಕ್ಟರ್ ಓದಿ, ಹಾಳೆಯನ್ನು ಮೇಜಿನ ಮೇಲೆ ಎಸೆದರು. "ಬಡ್ತಿ ಪಟ್ಟಿಯಲ್ಲಿ ಹೆಸರಿರೋ ಮನುಷ್ಯ ಬರೆಯೋ ರಿಪೋರ್ಟಾ ಇದು? ಹರೀರಿ ಇದನ್ನ."

"ಇಲ್ಲ ಸಾರ್. ಇದೇ ಇರ್ಲಿ."

"ನಿಮ್ಮ ಕುತ್ತಿಗೆಗೆ ನೀವೇ ಹಗ್ಗ ಹಾಕ್ಕೊಂಡ್ರೆ ನಾನೇನ್ರೀ ಮಾಡ್ಲಿ" ಎಂದು ಎದ್ದು ಹೋದರು. ಆದರೆ ವರದಿಯನ್ನು ಕಳಿಸಿದರು. ಅದನ್ನು ಅವರು ಅದುಮಿಡಬಹುದಿತ್ತು, ಇಡಲಿಲ್ಲ.

ಗೌಡರ ಮೇಲೆ ಕೇಸಾಗಲಿಲ್ಲ. ಲೈಸೆನ್ಸ್ ಉಳಿಯಿತು. ಬಿಜಾಪುರದವನನ್ನು ಎಚ್ಚರಿಕೆ ಕೊಟ್ಟು ಅವನ ಪಡೆಗೆ ವಾಪಸು ಕಳಿಸಿದರು. ನನಗೆ ವಿಚಾರಣೆ ಬಂತು, ಬಡ್ತಿ ನಿಂತಿತು. ಚೆಕ್‌ಪೋಸ್ಟಿನಿಂದ ತೆಗೆದು ಸ್ಟೇಷನ್ನಿನಲ್ಲಿ ಠೇವಣಿ ಕೋವಿಗಳನ್ನು ಕಾಯುವ ಕೆಲಸಕ್ಕೆ ಹಾಕಿದರು. ಗೇಟಿನಲ್ಲಿ ಹೊಸ ಕ್ರಮ ಬಂತು. ಕೇಪಿನ ಕೋವಿಯಾದರೆ ಲೈಸೆನ್ಸುದಾರರು ದೂರ ನಿಲ್ಲಬೇಕು, ಗಜವನ್ನು ಪೊಲೀಸರೇ ಬಿಟ್ಟು ನೋಡಬೇಕು. ಕ್ರಮ ಸರಿಯಾಗಿಯೇ ಇತ್ತು. ನಾನೇ ಬರೆದು ಕೊಟ್ಟಿದ್ದೆ. ಆದರೆ ಬಂದವರು ತಾವಾಗಿ ತೋರಿಸುತ್ತಿದ್ದ ಮರ್ಯಾದೆಯನ್ನು ನಾವು ತಪಾಸಣೆಯನ್ನಾಗಿ ಮಾಡಿಬಿಟ್ಟೆವು.

ಒಮ್ಮೆ ಗೌಡರ ಮನೆಗೆ ಹೋದೆ. ಕಾಡಂಚಿನ ಗದ್ದೆಯನ್ನು ಹಂದಿಗಳು ಹೊಕ್ಕು ಮಲಗಿಸಿದ್ದವು. ಕೋವಿ ಎಲ್ಲರದ್ದೂ ಸ್ಟೇಷನ್ನಿನಲ್ಲೇ ಇತ್ತಲ್ಲ, ಉಳಿದವರು ಡಬ್ಬ ಬಡಿದು, ಬೆಂಕಿ ಹಾಕಿ ಹೇಗೋ ಕಾಯುತ್ತಿದ್ದರು. ಗೌಡರ ಬಲಗೈ ಬ್ಯಾಂಡೇಜಿನಲ್ಲಿತ್ತು, ಅವರಿಗೆ ಅದೂ ಆಗುತ್ತಿರಲಿಲ್ಲ. ಅವರ ಹೆಂಡತಿ ಬೆಲ್ಲ ನೀರು ತಂದಿಟ್ಟು "ಕೂತ್ಕೊಳ್ಳಿ ಸಾರ್" ಎಂದರು. ಅಷ್ಟು ವರ್ಷ ಅವರು ನನಗೆ ಬಡಿಸುವಾಗ "ಇನ್ನೊಂಚೂರು ಹಾಕ್ಕೋ ಮಾರಾಯ" ಎನ್ನುತ್ತಿದ್ದವರು. ನಾನು "ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ" ಎಂದೆ. "ಅಯ್ಯೋ, ನಿಮ್ಮ ಡ್ಯೂಟಿ ನೀವು ಮಾಡಿದ್ರಿ ಸಾರ್" ಎಂದರು ಗೌಡರು. ಬೈದರೆ ಹಗುರಾಗುತ್ತೇನೆಂದು ಹೋದವನು ಇನ್ನೂ ಭಾರವಾಗಿ ಬಂದೆ.

ಫಲಿತಾಂಶ ಬಂದ ಮೇಲೆ ಕೋವಿ ವಾಪಸು ಕೊಡಲು ಶುರುಮಾಡಿದೆವು. ಸ್ಟೇಷನ್ನಿನಲ್ಲಿ ಮತ್ತೆ ಹಳೆಯ ಗದ್ದಲ, ನಗು, ಯಾರು ಗೆದ್ದರು ಯಾರು ಬಿದ್ದರು ಎಂಬ ಮಾತು. ಎಲ್ಲರೂ ಹೋದ ಮೇಲೆ ಗೌಡರು ಬಂದರು. ಬ್ಯಾಂಡೇಜು ಬಿಚ್ಚಿದ್ದರು. ಮಣಿಕಟ್ಟು ಒಂದು ಕಡೆಗೆ ವಾಲಿಕೊಂಡಿತ್ತು, ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿ ಹಿಡಿದರು. ಚೆಕ್‌ಪೋಸ್ಟಿನಲ್ಲಿ ಹಾಗೆ ನಿಲ್ಲಬೇಕೆಂದು ಈಗ ಎಲ್ಲರಿಗೂ ಗೊತ್ತಾಗಿತ್ತು. ಸ್ಟೇಷನ್ನಿನ ಒಳಗೆ ಅದು ಬೇಕಾಗಿರಲಿಲ್ಲ.

"ಒಳಗೆ ಬನ್ನಿ ಗೌಡ್ರೇ, ಕೈ ಕೆಳಗಿಳಿಸಿ" ಎಂದೆ. ಒಳಗೆ ಬಂದರು. ಕೈ ಇಳಿಸಲಿಲ್ಲ.

ಅವರ ಕೋವಿಯನ್ನು ತಂದೆ. ಹಿಂದಿನ ದಿನವೇ ಎಣ್ಣೆ ಹಾಕಿ ಒರೆಸಿಟ್ಟಿದ್ದೆ. ರಸೀದಿ, ಸಹಿಗಿಂತ ಮೊದಲು ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ಗಜವನ್ನು ಎಳೆದು, ಅವರ ಎದುರಿಗೆ ನಳಿಗೆಯೊಳಗೆ ಬಿಟ್ಟೆ. ಅವರ ಅಂಗಳಕ್ಕೆ ಹೋದವನು ಬಿಡಬೇಕಾದ ಹಾಗೆ ಬಿಟ್ಟೆ. ಠಣ್ ಎಂದಿತು. ಅವರಿಗೆ ಅರ್ಥವಾಗುತ್ತದೆ, ಹಳೆಯ ಹಾಗೆ ಒಮ್ಮೆ ಮಾರಾಯ ಎನ್ನುತ್ತಾರೆ ಎಂದು ಕಾದೆ.

"ಮುಟ್ಟಬಹುದಾ ಸಾರ್?" ಎಂದರು.

"ನಿಮ್ಮದೇ ಕೋವಿ ಗೌಡ್ರೇ. ತಗೊಳ್ಳಿ."

ಅವರು ಆಗಲೂ ಕೈ ಚಾಚಲಿಲ್ಲ. ನನ್ನ ಭುಜದ ಮೇಲಿಂದ ಹಿಂದೆ ನೋಡಿದರು. ನಾನು ತಿರುಗಿದೆ. ಬಾಗಿಲ ಬಳಿ ಸೆಂಟ್ರಿ ರೈಫಲ್ ಹಿಡಿದು ನಿಂತಿದ್ದ. ಅವನು ಆಗಬಹುದು ಎಂದು ತಲೆಯಾಡಿಸಿದ ಮೇಲೆಯೇ ಗೌಡರು ಎಡಗೈಯನ್ನು ಮುಂದೆ ತಂದರು.